ಜಲಜಕ್ಕನ ಹೇಳಿಕೆ

ಆಮೇಲೆ ಬಂದವಳಿಗೆ ಮೊದಲು ಬಡಿಸಿದರೆ ಪಂಕ್ತಿಯಲ್ಲಿ ಕೂತ ಯಾರಿಗಾದರೂ ಸಿಟ್ಟು ಬರುತ್ತದೆ. ಜಲಜಕ್ಕನಿಗಂತೂ ಬಂದೇ ಬರಬೇಕು. ಹೆಮ್ಮಾಡಿ ಪೇಟೆಯಲ್ಲಿ ಮೀನಿನ ಬುಟ್ಟಿ ಇಟ್ಟುಕೊಂಡು ಕೂತರೆ ಹೈವೇ ಆಚೆಗಿನ ಅಂಗಡಿಯವರಿಗೂ ಕೇಳುವ ಬಾಯಿ ಅವಳದ್ದು. ಅವತ್ತು ಆ ಬಾಯಿ ಮನೆಯೊಳಗೇ ತೆರೆದಿತ್ತು.

"ಎಂತ ಹೆಣೆ ಇದ್? ಅದ್ ನೀ ಹಾಕಿದ್ ಮೇಲೆ ಅರ್ಜಿ ಹಾಕಿದ್ದ್ ಅಲ್ದಾ? ಅದ್ಕೆ ಸಿಕ್ತ್, ನಿಂಗಿಲ್ಯಾ? ಇದ್ಯಾವ್ ಊರ್ ನ್ಯಾಯ?"

ಸೊಸೆ ಅಮಿತಾ ಫೋನನ್ನು ಸೀರೆಯ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಫೋನಿನಲ್ಲಿ ಅವಳ ಗೆಳತಿ ಶ್ಯಾಮಲಿ ಕಳಿಸಿದ ಫೋಟೊ ಇತ್ತು. ಶ್ಯಾಮಲಿ ಇಂಡಿಯಾದ ಪೌರತ್ವ ಪತ್ರವನ್ನು ಎದೆಗೆ ಹಿಡಿದುಕೊಂಡು ಹಲ್ಲು ಬಿಟ್ಟು ನಿಂತಿದ್ದಳು. ಇಬ್ಬರೂ ಲಂಕೆಯವರು. ಕುವೈತಿನ ಹೋಟೆಲೊಂದರಲ್ಲಿ ಒಟ್ಟಿಗೆ ದುಡಿದವರು. ಅದೇ ಹೋಟೆಲಿನ ಅಡುಗೆಮನೆಯಲ್ಲಿದ್ದ ಜಲಜಕ್ಕನ ಮಗ ರತನನನ್ನು ಮದುವೆಯಾಗಿ ಅಮಿತಾ ಉಪ್ಪುಂದದ ಕಡಲಕರೆಗೆ ಬಂದಳು, ರತನ್ ಇಲ್ಲಿ ಮೀನಿನ ಬೋಟಿಗೆ ಸೇರಿದ. ಶ್ಯಾಮಲಿ ದೂರದ ಇನ್ನೊಂದು ರಾಜ್ಯದವನನ್ನು ಮದುವೆಯಾಗಿ ಗಡಿ ಹತ್ತಿರದ ಯಾವುದೋ ಜಿಲ್ಲೆಗೆ ಹೋದಳು. ಅಲ್ಲಿ ಅರ್ಜಿ ಹಾಕಿದ ವರ್ಷವೇ ಕಾಗದ ಕೈಗೆ ಬಂತು. ಇಲ್ಲಿ ಮೂರು ಮಳೆಗಾಲ ಕಳೆದರೂ ಬಂತು ಎನ್ನುವ ಸುದ್ದಿಯಿಲ್ಲ, ಇಲ್ಲ ಎನ್ನುವ ಸುದ್ದಿಯೂ ಇಲ್ಲ.

ಕಾಗದ ತಡವಾದರೆ ಆಕಾಶ ಕಳಚಿ ಬೀಳುವುದಿಲ್ಲ, ನಿಜ. ಆದರೆ ಲಂಕೆಯ ಮಾತರ ಪಟ್ಟಣದಲ್ಲಿ ಅಮಿತಾಳ ಅಮ್ಮನಿಗೆ ಮರೆವು ಹತ್ತಿತ್ತು. ಮೊದಲು ಒಲೆ ಆರಿಸುವುದು ಮರೆತಳು, ಆಮೇಲೆ ಊಟ ಮಾಡಿದ್ದನ್ನೇ ಮರೆತಳು. ಹೋದ ವರ್ಷದಿಂದ ಈಚೆಗೆ ಫೋನಿನಲ್ಲಿ ಅಮಿತಾಳ ಮುಖ ಕಂಡಾಗ ಅವಳ ಅಕ್ಕನ ಹೆಸರು ಹಿಡಿದು ಕರೆಯುತ್ತಿದ್ದಳು. ಅಮ್ಮ ತನ್ನನ್ನು ಪೂರ್ತಿ ಮರೆಯುವ ಮೊದಲು ಒಮ್ಮೆ ಹೋಗಿ ಹತ್ತಿರ ಕೂರಬೇಕು ಎನ್ನುವುದೊಂದೇ ಅಮಿತಾಳ ಆಸೆ. ಹೋಗುವುದು ಹೇಗೆ? ಅವಳು ಇಲ್ಲಿದ್ದದ್ದು ಆಗಾಗ ಮುಂದುವರಿಸಿಕೊಳ್ಳುವ ವೀಸಾದ ಮೇಲೆ. ಅರ್ಜಿ ನಡೆಯುತ್ತಿರುವಾಗ ದೇಶ ಬಿಟ್ಟರೆ ಮತ್ತೆ ಒಳಗೆ ಬಿಡುತ್ತಾರೋ ಇಲ್ಲವೋ ಹೇಳಲಾಗದು ಎಂದು ಅರ್ಜಿ ತುಂಬಿಸಿಕೊಟ್ಟ ಏಜೆಂಟ್ ಹೆದರಿಸಿಬಿಟ್ಟಿದ್ದ. ಸಣ್ಣ ಮಗಳು ಪ್ರಜ್ಞಾಳನ್ನು ಇಲ್ಲಿ ಬಿಟ್ಟು ಅಂಥ ಜೂಜಿಗೆ ಯಾವ ತಾಯಿ ಇಳಿದಾಳು?

"ಇರ್ಲಿ ಬಿಡಿ ಅತ್ತೆ, ಅದ್ರ ಅದೃಷ್ಟ" ಎಂದಳು ಅಮಿತಾ. ಲಂಕೆಯಲ್ಲಿ ಹುಟ್ಟಿದವಳೆಂದು ಬಾಯಿ ತೆರೆದರೆ ಯಾರೂ ಹೇಳಲಾರರು. ಅವಳು ಕನ್ನಡ ಕಲಿತದ್ದೇ ಅತ್ತೆಯ ಬಾಯಿಯಿಂದ.

"ಅದೃಷ್ಟ ಅಲ್ಲ, ಮಣ್ಣ್. ನಾಳೆ ನಾನೇ ಹೋತೆ. ಅದ್ಯಾರ್ ನಿನ್ನ ಕಾಗ್ದದ ಮೇಲೆ ಕೂಕಂಡಿದ್ರ್ ಅಂತ ಕಾಂತೆ."

ಒಳಗೆ ಬಲೆ ಹೆಣೆಯುತ್ತಿದ್ದ ಜಲಜಕ್ಕನ ಗಂಡ ಐತ, "ಕಚೇರಿಯೊಳ್ಗೆ ಬೊಬ್ಬೆ ಹಾಕ್ಬೇಡ ಮಾರಾಯ್ತಿ" ಎಂದು ಹೇಳಿ ನೋಡಿದ. ಮದುವೆಯಾದಾಗಿನಿಂದ ಹೇಳುತ್ತಿದ್ದಾನೆ, ಪಾಪ.

ಮರುದಿನ ಜಲಜಕ್ಕ ಬುಟ್ಟಿಯನ್ನು ಪಕ್ಕದ ಮನೆಯ ಸುಗುಣಳಿಗೆ ಒಪ್ಪಿಸಿ, ಮದುವೆಗೆ ಉಡುವ ಸೀರೆ ಉಟ್ಟು ಬಸ್ಸು ಹತ್ತಿದಳು. ಕುಂದಾಪುರದಲ್ಲಿ ಬಸ್ಸು ಬದಲಿಸಿ, ತೆಕ್ಕಟ್ಟೆ, ಬ್ರಹ್ಮಾವರ ದಾಟಿ ಜಿಲ್ಲಾಧಿಕಾರಿಯ ದೊಡ್ಡ ಕಚೇರಿ ಮುಟ್ಟುವಾಗ ಬಿಸಿಲು ನೆತ್ತಿಗೆ ಏರುತ್ತಿತ್ತು. ಕೇಳಿ ಕೇಳಿ ಸಿಕ್ಕಿದ ಮೇಜಿನ ಹಿಂದೆ ರವಿರಾಜ್ ಎಂಬ ನಡುವಯಸ್ಸಿನ ಗುಮಾಸ್ತ ಇದ್ದ. ಸುತ್ತಲೂ ಫೈಲುಗಳು. ಎದುರಿಗೆ ಕೋವಿ ಪರವಾನಗಿಗೆ ಬಂದ ನಾಲ್ಕಾರು ರೈತರು. ಚುನಾವಣೆ ಬಂತೆಂದರೆ ಹಂದಿ ಓಡಿಸುವ ಕೋವಿಗಳನ್ನೆಲ್ಲ ಠಾಣೆಗೆ ಒಪ್ಪಿಸಬೇಕು, ಮುಗಿದ ಮೇಲೆ ಬಿಡಿಸಿಕೊಳ್ಳಬೇಕು. ಅದರ ಕಾಗದಗಳೂ ಅದೇ ಮೇಜಿಗೆ ಬರಬೇಕು. ದೀಪಾವಳಿಯ ಪಟಾಕಿ ಅಂಗಡಿಯ ಪರವಾನಗಿಯೂ ಅಲ್ಲೇ. ಪೌರತ್ವವೂ ಅಲ್ಲೇ.

ಸರದಿ ಬಂದಾಗ ಜಲಜಕ್ಕ ಕೂತು ಶ್ಯಾಮಲಿಯ ಕತೆಯನ್ನೂ ಅಮಿತಾಳ ಅಮ್ಮನ ಮರೆವಿನ ಕತೆಯನ್ನೂ ಮೊದಲಿನಿಂದ ಕಡೆಯವರೆಗೆ ಹೇಳಿದಳು. ಬೊಬ್ಬೆ ಹಾಕಬಾರದೆಂದು ಬಹಳ ಕಷ್ಟಪಟ್ಟಳು. ರವಿರಾಜ್ ಅಷ್ಟನ್ನೂ ಕೇಳಿದ.

"ಅಮ್ಮ, ನಾನ್ ಈ ಕುರ್ಚಿಗ್ ಬಂದ್ ಸ್ವಲ್ಪ ದಿನ ಆಯ್ತ್ ಅಷ್ಟೇ. ನನ್ಕಿಂತ ಮೊದ್ಲ್ ಇದ್ದವ್ರಿಗೆ ವರ್ಗ ಆಯ್ತ್. ಬದ್ಲಿಗ್ ಯಾರೂ ಬರ್ಲಿಲ್ಲೆ, ಕುರ್ಚಿ ಖಾಲಿಯೇ ಇದ್ದಿತ್. ಆ ಹೆಣ್ಣ್ ಇಪ್ಪ ಕಡೆ ಗುಂಪ್ ಗುಂಪ್ ಅರ್ಜಿ ಬತ್ತ್. ಅದ್ಕೇ ಅಂತ ಬೇರೆ ಕೋಣೆ, ಬೇರೆ ಜನ ಕೊಟ್ಟಿರ್. ನಮ್ಮಲ್ಲಿ ಇಪ್ಪುದೇ ನಿಮ್ ಸೊಸೆದೊಂದ್ ಅರ್ಜಿ. ಒಂದ್ ಅರ್ಜಿಗೆ ಯಾರ್ ಜನ ಕೊಡ್ತ್ರ್ ಹೇಳಿ?"

ಜಲಜಕ್ಕ ಕುರ್ಚಿಯನ್ನು ಮುಂದಕ್ಕೆ ಎಳೆದಳು. "ಅಲ್ಲ ಸಾರ್, ನನ್ ಬುಟ್ಟಿಯೊಳ್ಗೆ ಒಂದೇ ಮೀನ್ ಉಳ್ದ್ರೆ ಗಳಿಗೆಯೊಳ್ಗೆ ಮಾರಿ ಮನೆಗ್ ಹೋತೆ. ನಿಮ್ದ್ ಒಂದೇ ಮೀನ್. ಅದನ್ನ್ ಮೂರ್ ವರ್ಷ ಇಟ್ಕಂಡ್ ಕೂಕಂಡಿದ್ರಿ. ಇದೆಂತ ವ್ಯಾಪಾರ?"

ಕೋವಿಯ ರೈತರು ಗೊಳ್ಳೆಂದು ನಕ್ಕರು. ರವಿರಾಜನಿಗೂ ನಗು ತಡೆಯಲಾಗಲಿಲ್ಲ. ಆಮೇಲೆ ಅವನು ನಗು ನಿಲ್ಲಿಸಿ, ಆ ಅಬ್ಬೆಗೆ, ಅಮಿತಾಳ ಅಮ್ಮನಿಗೆ, ಮಗಳ ಗುರುತು ಈಗಲೂ ಸಿಗುತ್ತದಾ ಎಂದು ಮೆಲ್ಲಗೆ ಕೇಳಿದ. ಒಮ್ಮೊಮ್ಮೆ ಎಂದಳು ಜಲಜಕ್ಕ. ಹುಡುಕಿ ನೋಡುತ್ತೇನೆ ಎಂದು ಅವನು ಮಾತು ಕೊಟ್ಟ.

ಮಾತು ಕೊಟ್ಟವರ ಬೆನ್ನು ಬಿಡುವ ಜಾತಿ ಅಲ್ಲ ಜಲಜಕ್ಕ. ರವಿರಾಜ್ ದಿನಾ ಬ್ರಹ್ಮಾವರದಲ್ಲಿ ಬಸ್ಸು ಹತ್ತುತ್ತಾನೆಂದು ಕಂಡಕ್ಟರನ ಬಾಯಿಯಿಂದಲೇ ತಿಳಿದುಕೊಂಡಳು. ಅಲ್ಲಿಂದ ಮೇಲೆ ವಾರಕ್ಕೊಮ್ಮೆ ಅದೇ ಬಸ್ಸಿನಲ್ಲಿ ಕೂತು, ಪಕ್ಕದ ಸೀಟಿನ ಮೇಲೆ ಚೀಲ ಇಟ್ಟು, ನಿಂತವರು ಎಷ್ಟು ಗೊಣಗಿದರೂ ಕಿವುಡಿಯಾಗಿ, ಬ್ರಹ್ಮಾವರ ಬಂದ ಕೂಡಲೇ ಕೂಗುತ್ತಿದ್ದಳು: "ಹ್ವಾಯ್ ರವಿರಾಜಣ್ಣ! ಇಲ್ಲ್ ಬನ್ನಿ, ಸೀಟ್ ಇತ್ತ್!" ಇಡೀ ಬಸ್ಸು ತಿರುಗಿ ನೋಡುತ್ತಿತ್ತು. ಒಮ್ಮೆ ಚೀಲದಲ್ಲಿ ಒಳ್ಳೆಯ ಕಾಣೆ ಮೀನು ತಂದಿದ್ದಳು. ಅವನು ಕೈಯನ್ನೂ ಸೋಕಿಸಲಿಲ್ಲ. "ಅಮ್ಮ, ಮೀನ್ ತಂದ್ರೆ ನಾನ್ ಬೇರೆ ಬಸ್ಸಿಗ್ ಹೋತೆ" ಎಂದ. ಜಲಜಕ್ಕನಿಗೆ ಅವನ ಮೇಲೆ ಗೌರವ ಬಂದದ್ದು ಆವತ್ತು.

ಹಾಗೆ ಒಂದು ಬೆಳಿಗ್ಗೆ ರವಿರಾಜ್ ಕರೆಯುವ ಮೊದಲೇ ಬಂದು ಪಕ್ಕದಲ್ಲಿ ಕೂತ. ಮುಖ ಎಂದಿನಂತಿರಲಿಲ್ಲ.

"ಅಮ್ಮ, ಫೈಲ್ ಸಿಕ್ತ್. ನಿಮ್ಮನೆಗೆ ಪೊಲೀಸ್ ವಿಚಾರಣೆಗ್ ಬಂದಿರ್ ಅಲ್ದಾ?"

"ಇಲ್ಲಪ್ಪ. ಯಾರೂ ಬರ್ಲಿಲ್ಲೆ."

"ಬಂದಿರ್ ಅಮ್ಮ. ಅರ್ಜಿ ಹಾಕಿದ್ ವರ್ಷವೇ ಬಂದಿರ್. ಆ ಮನೆಯಲ್ಲಿ ಹೊರದೇಶದವ್ರ್ ಯಾರೂ ಇಲ್ಲೆ, ಇಪ್ಪ ಹೆಂಗ್ಸ್ ಮನೆಯ ಯಜಮಾನ್ತಿಯ ಅಣ್ಣನ ಮಗಳ್ ಅಂತ ಬರ್ಕಂಡ್ ಹೋಯಿರ್. ಹೇಳ್ದವ್ರ್ ನೀವೇ ಅಂಬ್ರ್."

ಜಲಜಕ್ಕ ಮುಂದಿನ ಸೀಟಿನ ಕಂಬಿ ಹಿಡಿದುಕೊಂಡಳು.

ಆ ಮನುಷ್ಯ ನೆನಪಾದ. ಬೈಕಿನಲ್ಲಿ ಬಂದಿದ್ದ, ಪ್ಯಾಂಟು ಅಂಗಿ, ಪೊಲೀಸ್ ಎಂದು ಹಣೆಯ ಮೇಲೆ ಬರೆದಿತ್ತೇ? ಆಗ ಪೊಲೀಸರು ದೋಣಿ ದೋಣಿ ಹತ್ತಿ ಹೊರದೇಶದವರನ್ನು ಹುಡುಕುತ್ತಿದ್ದಾರೆ, ಸಿಕ್ಕಿದವರನ್ನು ವಾಪಸು ಕಳಿಸುತ್ತಾರೆ ಎಂದು ಕಡಲಕರೆಯುದ್ದಕ್ಕೂ ಗುಲ್ಲೋ ಗುಲ್ಲು. ಅಂಗಳದಲ್ಲಿ ಮೀನು ಒಣಗಿಸುತ್ತಿದ್ದ ಜಲಜಕ್ಕನನ್ನು ಅವನು ಏನೋ ಒಂದು ಹೆಸರು ಹೇಳಿ, ಹೊರದೇಶದ ಹೆಂಗಸು ಈ ಮನೆಯಲ್ಲಿ ಇದ್ದಾಳಾ ಎಂದು ಕೇಳಿದ. ಅದು ಸೊಸೆಯ ತವರಿನ ಹೆಸರು. ಮದುವೆಯಾಗಿ ಬಂದ ಹೆಣ್ಣಿಗೆ ಗಂಡನ ಮನೆಯ ಹೆಸರಿಡುವ ಪದ್ಧತಿಯಂತೆ ಅಮಿತಾ ಎಂದು ಇಟ್ಟವಳು ಜಲಜಕ್ಕನೇ. ತವರಿನ ಹೆಸರು ಕೇಳಿದ್ದೇ ತಡ ಅವಳು ಕೈಯ ಮೀನನ್ನು ಅಲ್ಲೇ ಬಿಟ್ಟು ಎದ್ದಳು. ಕರಕೊಂಡು ಹೋಗಲು ಬಂದಿದ್ದಾರೆ! ಬಾಯಿ ತಾನಾಗಿ ಹೇಳಿಬಿಟ್ಟಿತು: "ಹೊರದೇಶದವ್ರಾ? ನಮ್ಮಲ್ಲಾ? ಇಲ್ಲಿಪ್ಪುದ್ ನನ್ ಅಣ್ಣನ ಮಗಳ್ ಅಮಿತಾ. ಸೋದರಿಕೆಯೊಳ್ಗೇ ಮದಿ ಮಾಡಿದ್ದ್." ಬೇಲಿಯಾಚೆಯಿಂದ ಸುಗುಣ, "ಹೌದೌದ್, ನಾವೇ ಮದಿಗ್ ಹೋಯಿತ್" ಎಂದು ಸೇರಿಸಿದಳು. ಅಷ್ಟರಲ್ಲಿ ಇದಾವುದನ್ನೂ ಕೇಳಿಸಿಕೊಳ್ಳದ ಅಮಿತಾ ಒಳಗಿನಿಂದ ಬಂದು, "ಆಸ್ರಿಗ್ ಎಂತ ಬೇಕ್, ಮಜ್ಜಿಗೆ ಅಡ್ಡಿಲ್ಯಾ?" ಎಂದಳು. ಆ ಮಾತು ಕೇಳಿದ ಮೇಲೆ ಅನುಮಾನ ಪಡುವವನು ಯಾರು? ಮಜ್ಜಿಗೆ ಕುಡಿದು ಹೋದ. ಸೊಸೆಗೆ ಹೆದರಿಕೆ ಆಗುವುದು ಬೇಡವೆಂದು ಜಲಜಕ್ಕ ಆ ಸುದ್ದಿಯನ್ನೇ ಎತ್ತಲಿಲ್ಲ. ತಾನು ದೊಡ್ಡ ಗಂಡಾಂತರ ತಪ್ಪಿಸಿದೆ ಎಂದು ಒಳಗೊಳಗೇ ಬೀಗಿದ್ದಳು ಬೇರೆ!

"ಶ್ಯಾಮಲಿ ಊರಲ್ಲಾದ್ರೆ ಇಂಥ ವರದಿ ಬಂದ ಮರುವಾರವೇ ಯಾರಾರೂ ಫೋನ್ ಮಾಡಿ ಕೇಂತಿದ್ರ್" ಎಂದ ರವಿರಾಜ್. "ಇಲ್ಲಿ ಕೇಂಬವ್ರೇ ಇರ್ಲಿಲ್ಲೆ. ನಿಮ್ಮೊಬ್ರದ್ದೇ ತಪ್ಪಲ್ಲ ಅಮ್ಮ."

ಸಮಾಧಾನಕ್ಕೆ ಹೇಳಿದ ಮಾತು. ಆದರೆ ಜಲಜಕ್ಕನಿಗೆ ಅದು ತಾಗಲಿಲ್ಲ. ಊರಿಗೆಲ್ಲ ಬೈದಳು, ಸರ್ಕಾರಕ್ಕೆ ಬೈದಳು, ಈ ಪಾಪದವನ ಬೆನ್ನು ಹತ್ತಿ ತಿಂಗಳುಗಟ್ಟಲೆ ಬಸ್ಸಿನಲ್ಲಿ ಕಾಡಿದಳು. ಕಾಗದದ ಮೇಲೆ ಕೂತವಳು ತಾನೇ!

ಮನೆಗೆ ಬಂದು ಸೀರೆಯನ್ನೂ ಬದಲಿಸದೆ ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಅಮಿತಾ ಮಸಾಲೆಗೆ ತೆಂಗಿನಕಾಯಿ ತುರಿಯುತ್ತಿದ್ದಳು. ಜಲಜಕ್ಕ ಎಲ್ಲವನ್ನೂ ಹೇಳಿದಳು, ಏನನ್ನೂ ಮುಚ್ಚಿಡಲಿಲ್ಲ. ತುರಿಯುವ ಶಬ್ದ ನಿಂತಿತು.

"ನನ್ ಅಮ್ಮ ನನ್ನ ಅಕ್ಕನ ಹೆಸ್ರಲ್ಲಿ ಕರೂಕ್ ಶುರು ಮಾಡಿದ್ದ್ ಹೋದ್ ವರ್ಷ ಅತ್ತೆ" ಎಂದಳು ಅಮಿತಾ. "ಅದ್ಕೂ ಮೊದ್ಲ್ ಹೋಯಿದ್ರೆ ಗುರ್ತ್ ಸಿಕ್ತಿದ್ದಿತ್."

ಕೈ ತೊಳೆದು ಕಡಲ ಕಡೆಗೆ ನಡೆದುಬಿಟ್ಟಳು. ಆವತ್ತು ಅವಳು ಊಟ ಮಾಡಲಿಲ್ಲ. ಮರುದಿನವೂ ಕೇಳಿದ್ದಕ್ಕೆ ಹೂಂ, ಊಹೂಂ, ಅಷ್ಟೇ. ಮನೆಯಲ್ಲಿ ಪ್ರಜ್ಞಾಳ ಮಾತೊಂದೇ ಕೇಳುತ್ತಿತ್ತು. ಬೋಟಿನಿಂದ ಬಂದ ರತನ್ ಇಬ್ಬರ ಮುಖವನ್ನೂ ನೋಡಿ ಉಂಡು ಮಲಗಿದ. ಜಲಜಕ್ಕನಿಗೆ ಬೈಗುಳ ತಿಂದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಬೈಗುಳಕ್ಕೆ ಎದುರು ಮಾತು ಇರುತ್ತದೆ, ಈ ಮೌನಕ್ಕೆ ಏನು ಹೇಳುವುದು?

ಕೊನೆಗೆ ಒಂದು ಸಂಜೆ ಅಮಿತಾ ತಾನಾಗಿ ಬಂದು ಜಗಲಿಯಲ್ಲಿ ಅವಳ ಪಕ್ಕ ಕೂತಳು.

"ಎಂತಕ್ ಹಾಂಗ್ ಹೇಳ್ರಿ ಅತ್ತೆ?"

"ಹೆದ್ರಿಕೆ ಆಯ್ತ್ ಹೆಣೆ. ನಿನ್ನ ಕರ್ಕಂಡ್ ಹೋದ್ರೆ ಎಂತ ಮಾಡೂದ್ ಅಂತ ಹೆದ್ರಿಕೆ ಆಯ್ತ್."

ಅಮಿತಾ ಮೆಲ್ಲಗೆ ಅತ್ತೆಯ ಭುಜಕ್ಕೆ ತಲೆ ಆನಿಸಿದಳು. ಜಲಜಕ್ಕ ಉಸಿರು ಬಿಡಲೂ ಹೆದರಿ ಹಾಗೇ ಕೂತಳು.

ರವಿರಾಜ್ ಮರುವಿಚಾರಣೆಗೆ ಬರೆಸಿದ. ಕುಂದಾಪುರದಲ್ಲಿ ಲೀಲಾಧರ ಎಂಬ ಅಧಿಕಾರಿಯ ಮುಂದೆ ಜಲಜಕ್ಕ ಖುದ್ದಾಗಿ ಹೇಳಿಕೆ ಕೊಡಬೇಕಾಯಿತು. ಅಮಿತಾಳೂ ಜೊತೆಗೆ ಹೋದಳು. ಲೀಲಾಧರ ತಲೆ ನರೆತ, ಸಮಾಧಾನದ ಮನುಷ್ಯ. ಅವನು ಎದುರಿಗೆ ಕೂರಿಸಿ, ಕಂಪ್ಯೂಟರಿನವನಿಗೆ ಟೈಪ್ ಮಾಡಲು ಸನ್ನೆ ಮಾಡಿದ.

"ಇವರು ನಿಮ್ಮ ಅಣ್ಣನ ಮಗಳಾ?"

ಜಲಜಕ್ಕ ಬಾಯಿ ತೆರೆದಳು. ಹೆಮ್ಮಾಡಿ ಪೇಟೆಯನ್ನೆಲ್ಲ ಅಲುಗಾಡಿಸುವ ಆ ಬಾಯಿಯಿಂದ ಸ್ವರವೇ ಹೊರಡಲಿಲ್ಲ.

"ಹೇಳಿ ಅಮ್ಮ. ಅಲ್ಲ ಎಂದಾದರೆ ಅಲ್ಲ ಎನ್ನಿ. ಇವರು ಹೊರದೇಶದವರು, ಹುಟ್ಟಿನಿಂದ ನಮಗೆ ಸಂಬಂಧವಿಲ್ಲ ಎಂದು ನೀವೇ ಹೇಳಬೇಕು. ಮೊದಲು ನೀವೇ ಅಲ್ಲವಾ ಹೇಳಿದ್ದು, ಸರಿಪಡಿಸುವವರೂ ನೀವೇ."

ಎಂಥ ಮಾತು! ಈ ಹೆಣ್ಣು ಮನೆಗೆ ಬಂದ ಮೇಲೆ ತನಗೆ ಚಿಕನ್‌ಗುನ್ಯಾ ಬಂದು ಮಲಗಿದಾಗ ಎತ್ತಿ ಕೂರಿಸಿ ಗಂಜಿ ಕುಡಿಸಿದ್ದು ಇದು. ತಲೆಗೆ ಎಣ್ಣೆ ಹಚ್ಚಿ ತಿಕ್ಕುವುದು ಇದು. ಸಂಬಂಧ ಇಲ್ಲ ಎಂದು ನಾಲ್ಕು ಜನರ ಎದುರು, ಅದರ ಎದುರೇ ಹೇಳುವುದು ಹೇಗೆ? ಜಲಜಕ್ಕ ಸೆರಗನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಅಮಿತಾ ಮೇಜಿನ ಕೆಳಗೆ ಅವಳ ಕೈ ಹಿಡಿದುಕೊಂಡಳು.

"ಹೇಳಿ ಅತ್ತೆ. ನಂಗೆ ಬೇಜಾರಿಲ್ಲೆ. ನಿಮ್ ದಮ್ಮಯ್ಯ, ಹೇಳಿ."

"ಇದ್ ನನ್ ಅಣ್ಣನ ಮಗಳಲ್ಲ" ಎಂದಳು ಜಲಜಕ್ಕ. "ಲಂಕೆದ್. ಹೊರದೇಶದ್ದ್. ನಮ್ಗೂ ಅದ್ಕೂ ಹುಟ್ಟಿನ ಸಂಬಂಧ ಇಲ್ಲೆ."

ಕೀಲಿಗಳ ಟಕಟಕ ನಿಂತ ಮೇಲೆ ಲೀಲಾಧರ ಕೇಳಿದ, "ಇವರಿಗೆ ಇಲ್ಲಿಯ ಪೌರತ್ವ ಕೊಡುವುದಕ್ಕೆ ಮನೆಯವರ ತಕರಾರು ಏನಾದರೂ ಇದೆಯಾ?"

ಆಗ ಅವಳು ತಡೆದುಕೊಂಡದ್ದೆಲ್ಲ ಒಮ್ಮೆಲೇ ಹೊರಗೆ ಬಂತು. "ಎಂತ ತಕ್ರಾರ್ ಸಾರ್! ಕೊಡಿ, ಬೇಗ ಕೊಡಿ. ಕಾಗ್ದ ಸಿಕ್ಕಿ ಇದ್ ಒಂದ್ಸಲ ಅಬ್ಬೆ ಹತ್ರ ಹೋಗ್ಲಿ. ಅಬ್ಬೆ ಕಂಡ ಮೇಲೆ ಬಪ್ಪುಕ್ ಮನ್ಸ್ ಇಲ್ಲೆ, ಅಲ್ಲೇ ಇರ್ತೆ ಅಂದ್ರೂ ಅಡ್ಡಿಲ್ಲೆ. ನಾನ್ ಇನ್ನ್ ಯಾರ ಹತ್ರವೂ ಸುಳ್ಳ್ ಹೇಳಿ ಹಿಡ್ಕಂಬುದಿಲ್ಲೆ."

ಟೈಪ್ ಮಾಡುವವನು ಇದನ್ನೂ ಬರೆಯುವುದಾ ಎಂಬಂತೆ ಅಧಿಕಾರಿಯನ್ನು ನೋಡಿದ. ಲೀಲಾಧರ ಬೇಡವೆಂದು ತಲೆಯಾಡಿಸಿದ. ಅಮಿತಾ ಹಿಡಿದ ಕೈಯನ್ನು ಬಿಡಲೇ ಇಲ್ಲ. ಬಸ್‌ಸ್ಟ್ಯಾಂಡಿನವರೆಗೂ ಹಾಗೇ ಹಿಡಿದುಕೊಂಡು ನಡೆದಳು.

ರವಿರಾಜ್ ಆ ಫೈಲನ್ನು ಮತ್ತೆ ಮಲಗಲು ಬಿಡಲಿಲ್ಲ. ಅದು ಬೆಂಗಳೂರಿಗೆ ಹೋಯಿತು, ಡೆಲ್ಲಿಗೆ ಹೋಯಿತು. ಲಂಕೆಯ ಪೌರತ್ವ ಬಿಟ್ಟುಕೊಟ್ಟ ಕಾಗದವನ್ನು ಕಳಿಸಿದ್ದಾಯಿತು, ಪ್ರಮಾಣವಚನ ಆಯಿತು. ಪೌರತ್ವ ಪತ್ರ ಬಂತು, ಅದರ ಬೆನ್ನಿಗೆ ಪಾಸ್‌ಪೋರ್ಟೂ ಬಂತು. ರತನ್ ಹೆಂಡತಿ ಮಗಳನ್ನು ಕರಕೊಂಡು ಮಾತರಕ್ಕೆ ಹೊರಟ. ಹೊರಡುವಾಗ ಜಲಜಕ್ಕ ಬಿಸಿಲಿಗೆ ಒಣಗಿಸಿದ ಶೆಟ್ಲಿ ಸಿಗಡಿಯ ಚಟ್ನಿ ಕಟ್ಟಿಕೊಟ್ಟಳು, ಯಾವಾಗ ಬರುತ್ತೀ ಎಂದು ಮಾತ್ರ ಕೇಳಲಿಲ್ಲ. ಕೇಳಬಾರದೆಂದು ತನಗೆ ತಾನೇ ಆಣೆ ಹಾಕಿಕೊಂಡಿದ್ದಳು.

ಹೋದವರು ಮುಟ್ಟಿದ ಸುದ್ದಿ ಬಂತು. ಅಮ್ಮನಿಗೆ ಗುರುತು ಸಿಗಲಿಲ್ಲವಂತೆ. ಅಕ್ಕನ ಹೆಸರಿನಿಂದಲೇ ಕರೆದಳಂತೆ, ಅಷ್ಟೇ ಹೇಳಿ ಅಮಿತಾ ಫೋನಿಟ್ಟಳು. ಆ ವಾರವಿಡೀ ಜಲಜಕ್ಕನಿಗೆ ಅನ್ನ ರುಚಿಸಲಿಲ್ಲ. ತನ್ನ ಒಂದು ಸುಳ್ಳು ಅಷ್ಟು ದೂರದ ಒಬ್ಬ ತಾಯಿಯಿಂದ ಮಗಳನ್ನು ಕಿತ್ತುಕೊಂಡಿತಲ್ಲ ಎಂದು ಬುಟ್ಟಿಯ ಮುಂದೆ ಕೂತಲ್ಲೇ ಕಣ್ಣು ತುಂಬುತ್ತಿತ್ತು.

ಹೆಮ್ಮಾಡಿಯಲ್ಲಿ ವ್ಯಾಪಾರ ಜೋರಾಗಿದ್ದ ಒಂದು ಬೆಳಿಗ್ಗೆ ಮತ್ತೆ ಫೋನು ಬಂತು. ಕೈಯೆಲ್ಲ ಮೀನು. ಎದುರಿಗಿದ್ದ ಗಿರಾಕಿ ಹೆಂಗಸೇ ಒತ್ತಿ ಜಲಜಕ್ಕನ ಕಿವಿಗೆ ಹಿಡಿದಳು.

"ಅತ್ತೆ!" ಎಂದಳು ಅಮಿತಾ. "ಇವತ್ತ್ ಅಮ್ಮನಿಗೆ ಗಂಜಿ ಕುಡ್ಸ್ತಾ ಇದ್ದೆ. ಒಂದ್ಸಲ ನನ್ ಮುಖ ಕಾಣ್ತ್. ಕೈ ಹಿಡ್ಕಂಡ್ ಕೇಂತ್, ಮಗಳೇ, ನೀ ದೂರ ಹೋದವ್ಳಲ್ದಾ, ಅಲ್ಲಿ ನಿನ್ನ ಚಂದ ಮಾಡಿ ಕಾಂತ್ರಾ ಅಂತ."

"ಗುರ್ತ್ ಸಿಕ್ತಾ? ದೇವ್ರೇ! ನೀ ಎಂತ ಹೇಳ್ದೆ?"

"ನನ್ ಅತ್ತೆ ನನ್ನ ಬಿಟ್ಟ್ ಕೊಡೂಕಾಗ್ದೆ ಪೊಲೀಸ್ರಿಗೇ ಸುಳ್ಳ್ ಹೇಳ್ರ್, ಸ್ವಂತ ಅಣ್ಣನ ಮಗಳ್ ಅಂದ್ರ್, ಅದ್ಕೇ ನಾನ್ ಬಪ್ಪುಕ್ ಇಷ್ಟ್ ತಡ ಆಯ್ತ್ ಅಂದೆ."

"ಅಯ್ಯಯ್ಯೋ! ಅದನ್ನೆಲ್ಲ ಎಂತಕ್ ಹೇಳ್ದೆ ಮಾರಾಯ್ತಿ? ಆ ಅಬ್ಬೆ ನನ್ನ ಎಷ್ಟ್ ಶಾಪ ಹಾಕ್ತೋ!"

"ಅಮ್ಮ ನಗಾಡ್ತ್ ಅತ್ತೆ. ಎಷ್ಟೋ ವರ್ಷದ್ ಮೇಲೆ ನಗಾಡಿದ್ದ್ ಕಂಡೆ. ಮತ್ತೆ ಎಂತ ಹೇಳ್ತ್ ಗೊತ್ತಿತ್ತಾ? ಹಾಂಗಾರೆ ಇಲ್ಲಿ ಜಾಸ್ತಿ ದಿನ ಕೂಕಣ್ಬೇಡ ಮಗಳೇ, ಆ ಅಬ್ಬೆ ನಿನ್ನ ದಾರಿ ಕಾಂತಾ ಇರ್ತ್, ಬೇಗ ಹೋಗ್ ಅಂತ."

ಜಲಜಕ್ಕನಿಗೆ ಅಳು ಒತ್ತರಿಸಿ ಬಂತು. ಪೇಟೆಯ ನಡುವೆ, ಬಂಗುಡೆಯ ಬುಟ್ಟಿಯ ಮುಂದೆ, ನಾಚಿಕೆ ಇಲ್ಲದೆ ಅತ್ತಳು. ಮೀನಿನ ಕೈಯಿಂದ ಕಣ್ಣು ಒರೆಸಿಕೊಳ್ಳುವ ಹಾಗಿರಲಿಲ್ಲ, ಗಿರಾಕಿ ಹೆಂಗಸು ತನ್ನ ಸೆರಗಿನಿಂದ ಒರೆಸಿದಳು.

"ಅವ್ಸರ ಮಾಡ್ಬೇಡ ಹೆಣೆ" ಎಂದಳು ಕೊನೆಗೆ. "ಅಬ್ಬೆ ಹತ್ರ ಇನ್ನೂ ಸ್ವಲ್ಪ ದಿನ ಕೂಕೋ. ಅದ್ರ ಕೈ ಬಿಡ್ಬೇಡ."